ಹಾರ ಹಾಕಿದಿರಿ, ಎಲೆ ಹಾಕಲಿಲ್ಲ



ದಾವಣಗೆರೆಯ ಹಳೇ ಕಾಲದ ದೊಡ್ಡ ಮನೆಯೊಂದರಲ್ಲಿ ಈಚೆಗೆ ಒಂದು ಸನ್ಮಾನದ ಊಟ ನಡೆಯಿತು. ಸನ್ಮಾನ ಆ ಮನೆಯ ಮಾಲಿಗೆ. ಮೂವತ್ತು ವರ್ಷ ಅಲ್ಲಿನ ಮಲ್ಲಿಗೆ, ಗುಲಾಬಿ, ಹುಲ್ಲುಹಾಸು ನೋಡಿಕೊಂಡವರು, ನಮ್ಮ ಕೇರಿಯ ಅಜ್ಜ. ಅಜ್ಜನ ಹೆಸರೂ ಬೇಡ, ಆ ಮನೆಯ ಹೆಸರೂ ಬೇಡ. ಇಂಥ ಮನೆ ಊರಿಗೆ ಒಂದಲ್ಲ, ಇಂಥ ಅಜ್ಜ ಕೇರಿಗೆ ಒಬ್ಬನಲ್ಲ.

ನಮ್ಮ ಹಾಸ್ಟೆಲಿನ ಮೂವರು ಹುಡುಗರು ಅವತ್ತು ಅಲ್ಲಿಗೆ ಕೂಲಿಗೆ ಹೋಗಿದ್ದರು. ಎಂಜಲೆಲೆ ಎತ್ತೋ ಕೆಲಸ. ಪರೀಕ್ಷೆ ಫೀಜಿಗೆ ದುಡ್ಡು ಬೇಕಲ್ಲ! ಅವರು ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಶಾಮಿಯಾನ, ಮೈಕು, ದೊಡ್ಡ ದೊಡ್ಡ ಮಂದಿ. ಅಜ್ಜನ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ನಾಲ್ಕು ಜನ ಕಾಯಕದ ಮಹಿಮೆ ಕೊಂಡಾಡಿದರು. ಫೋಟೋ ಆಯಿತು. ಆಮೇಲೆ ಊಟ. ಹೋಳಿಗೆ, ತುಪ್ಪ, ಕೋಸಂಬರಿ, ಚಿತ್ರಾನ್ನ. ಮೊದಲ ಪಂಕ್ತಿ ಕೂತಿತು, ಎದ್ದಿತು. ಎರಡನೆಯದೂ ಎದ್ದಿತು. ಅಜ್ಜ ಪೇಟವನ್ನು ಕಂಕುಳಲ್ಲಿಟ್ಟುಕೊಂಡು ತೋಟದ ನಲ್ಲಿ ಹತ್ತಿರ ನಿಂತೇ ಇದ್ದರು. ಕೊನೆಗೆ ಹಿತ್ತಿಲಲ್ಲಿ, ಎಲೆ ಎತ್ತಿದ ಹುಡುಗರ ಜೊತೆ ಕೂತು ಉಂಡರು.

"ಅಜ್ಜಾ, ಇದು ನಿನ್ನ ಊಟಾನೇ ಅಲ್ವಾ? ನೀನ್ಯಾಕೆ ಅಲ್ಲಿ ಕುಂದ್ರಲಿಲ್ಲ?" ಎಂದು ಹುಡುಗರು ಕೇಳಿದರು.

"ಯಾರೂ ಬಾ ಕುಂದ್ರು ಅನ್ನಲಿಲ್ಲಪ್ಪ. ಬ್ಯಾಡ ಅಂತಾನೂ ಅನ್ನಲಿಲ್ಲ."

ಇವತ್ತಿನ ಅಸ್ಪೃಶ್ಯತೆ ಇರುವುದು ಈ ಎರಡು ಮಾತುಗಳ ನಡುವೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಬೇಡ ಅಂದವನ ಮೇಲೆ ಕೇಸು ಹಾಕಬಹುದು. ಬಾ ಅನ್ನದವನ ಮೇಲೆ ಯಾವ ಠಾಣೆಗೆ ಹೋಗುವುದು? ಹಾರ ಹಾಕುವಾಗ ಮುಟ್ಟಿದ ಕೈ ಎಲೆ ಹಾಕುವ ಹೊತ್ತಿಗೆ ಎಲ್ಲಿಗೆ ಹೋಯಿತು?

ಸನ್ಮಾನವೇ ಬೇಡ ಅನ್ನುವವರಲ್ಲ ನಾವು. 2021ರ ನವೆಂಬರಿನಲ್ಲಿ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಬರಿಗಾಲಲ್ಲಿ, ತಮ್ಮ ಹಾಲಕ್ಕಿ ಉಡುಗೆಯಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದು ಹೋದದ್ದನ್ನು ಕಂಡು ನಮ್ಮ ಎದೆಯೂ ಉಬ್ಬಿತ್ತು. ಬ್ರಿಟಿಷರು ತಮ್ಮ ವೈಸ್‌ರಾಯ್‌ಗೆಂದು ಕಟ್ಟಿಸಿದ ಅರಮನೆ ಅದು. ಅಲ್ಲಿ ಆ ತಾಯಿಗೆ ಪದ್ಮಶ್ರೀ ಕೊಟ್ಟ ರಾಷ್ಟ್ರಪತಿ ರಾಮನಾಥ ಕೋವಿಂದರು ದಲಿತ ಸಮುದಾಯದಿಂದ ಬಂದವರು. ಇದು ಸಣ್ಣ ಮಾತಲ್ಲ. ಆದರೆ ಅದೇ ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ಸಸಿ ಬೆಳೆಸಿದವರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಆ ಜನ ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. 2024ರ ಡಿಸೆಂಬರಿನಲ್ಲಿ ತುಳಸಿ ಗೌಡ ತೀರಿಕೊಂಡರು. ಪದಕ ಬೇಗ ಬರುತ್ತದೆ, ಹಕ್ಕು ನಿಧಾನ.

2024ರ ಆಗಸ್ಟಿನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಬಾಬಾಸಾಹೇಬರ ಬದುಕನ್ನೇ ಹೂವಿನಲ್ಲಿ ಕಟ್ಟಿದರು. ಒಳ್ಳೆಯದೇ. ಆದರೆ ಹೂವು ನಾಲ್ಕು ದಿನಕ್ಕೆ ಬಾಡುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಕೊಟ್ಟ ಎಚ್ಚರಿಕೆ ಬಾಡಿಲ್ಲ: ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ, ಈ ವೈರುಧ್ಯಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದಿದ್ದರು. ಅಜ್ಜನಿಗೆ ಓಟಿದೆ. ಪಿ.ಎಫ್. ಇಲ್ಲ, ಪೆನ್ಷನ್ ಇಲ್ಲ, ಸಂಬಳದ ಚೀಟಿ ಇಲ್ಲ. ಮೂವತ್ತು ವರ್ಷದ ಲೆಕ್ಕ ಒಂದು ಶಾಲಿನಲ್ಲಿ ಚುಕ್ತಾ!

ಇನ್ನು ನಮ್ಮ ಮಾತು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು 1938ರಲ್ಲಿ, ಇದೇ ಹರಿಹರದಲ್ಲಿ. 1997ರಲ್ಲಿ ತೀರಿಕೊಂಡ ಅವರ ಸ್ಮಾರಕ ಹರಿಹರದ ಬಳಿ ಮೈತ್ರಿವನದಲ್ಲಿದೆ. ಅಲ್ಲಿಗೆ ಹೋಗಿ ಹೂವಿಟ್ಟು ಬರುತ್ತೇವೆ. ಆ ಗಿಡಗಳಿಗೆ ನೀರು ಹಾಕುವವರು ಯಾರೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ನಮ್ಮ ಸಭೆ ಮುಗಿದ ಮೇಲೆ ಕಸ ಗುಡಿಸಿದವರು ಉಂಡರೋ ಇಲ್ಲವೋ ನೋಡಿದ್ದೇವಾ? ದೊಡ್ಡ ಮನೆಯವರ ಕಡೆ ಬೆರಳು ತೋರಿಸುವ ಮೊದಲು ಇದನ್ನೂ ಹೇಳಬೇಕು.

ಆ ಮೂವರಲ್ಲಿ ಒಬ್ಬ, "ಇನ್ಮೇಲೆ ಇಂಥ ಕೂಲಿಗೆ ಹೋಗಲ್ಲ" ಎಂದು ರಾತ್ರಿಯೆಲ್ಲ ಸಿಟ್ಟಿನಲ್ಲಿದ್ದ. ಹೋಗಬೇಡ ಅನ್ನುವ ಧೈರ್ಯ ನಮಗೆ ಬರಲಿಲ್ಲ. ಸ್ಕಾಲರ್‌ಶಿಪ್ ಬರುವುದರೊಳಗೆ ಪರೀಕ್ಷೆ ಮುಗಿದಿರುತ್ತದೆ. ಹೋಗಿ. ಆದರೆ ಬಾಯಿ ಮುಚ್ಚಿಕೊಂಡು ಬರಬೇಡಿ. ಮುಂದಿನ ಸಲ ಮೊದಲ ಪಂಕ್ತಿ ಕೂರುವ ಹೊತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಒಂದೇ ಮಾತು ಕೇಳಿ: "ಅಜ್ಜನ ಎಲೆ ಎಲ್ಲಿ?"

ಕೂಲಿ ಹೋದರೆ ಹೋಗಲಿ, ಫೀಜಿಗೆ ನಾವೆಲ್ಲ ಸೇರಿ ಎತ್ತೋಣ. ಅಜ್ಜನ ಸಂಬಳದ ಲೆಕ್ಕ ಬರೆಯಲು, ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಲು ಓದಿದವರು ಬೇಕು. ಓದಿದ್ದು ಮತ್ತೆ ಯಾತಕ್ಕೆ?

ಜೈ ಭೀಮ್.