ಇನ್‌ಬಾಕ್ಸಿಗೆ ಬಂದದ್ದೆಲ್ಲ ಅಸಲಿಯಲ್ಲ

"ಇನ್‌ಬಾಕ್ಸಿಗೇ ಬಂದಿದೆ, ಮೋಸ ಇರಲಿಕ್ಕಿಲ್ಲ" ಅಂತ ನಮ್ಮ ಹುಡುಗರು ಹೇಳುವುದುಂಟು. ಸ್ಪ್ಯಾಮಿಗೆ ಬಿದ್ದದ್ದೆಲ್ಲ ಕಸ ಎಂಬುದು ಇನ್ನೊಂದು ನಂಬಿಕೆ. ಗಲ್ಫಿನಲ್ಲಿ ಕೆಲಸ ಹುಡುಕುವವರಿಗೆ ಇವೆರಡೂ ದುಬಾರಿ.

ಮೇಲ್ ಬಂದಾಗ ಜೀಮೇಲ್, ಯಾಹೂನಂಥ ಸೇವೆಗಳು ಮುಖ್ಯವಾಗಿ ನೋಡುವುದು ಕಳುಹಿಸಿದವರ ಗುರುತನ್ನು. ಕಂಪೆನಿಯ ಹೆಸರಲ್ಲಿ ಮೇಲ್ ಕಳುಹಿಸಲು ಯಾವ ಸರ್ವರಿಗೆ ಅನುಮತಿ ಇದೆ ಎಂಬ ಪಟ್ಟಿಗೆ ಎಸ್‌ಪಿಎಫ್ ಅಂತಾರೆ. ಮೇಲಿನ ಮೇಲೆ ಬೀಳುವ ಡಿಜಿಟಲ್ ಮೊಹರು ಡಿಕಿಮ್. ಜೊತೆಗೆ ಆ ವಿಳಾಸದ ಹಿಂದಿನ ನಡತೆ, ಜನರ ದೂರು, ಒಳಗಿನ ಲಿಂಕು, ಪದಗಳನ್ನೂ ಅಳೆಯುತ್ತವೆ. 2024ರ ಫೆಬ್ರವರಿಯಿಂದ ಜೀಮೇಲ್‌ಗೆ ದಿನಕ್ಕೆ 5,000 ಅಥವಾ ಹೆಚ್ಚು ಮೇಲ್ ಕಳುಹಿಸುವವರಿಗೆ ಪಟ್ಟಿ, ಮೊಹರು ಎರಡೂ ಕಡ್ಡಾಯ. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು.

ಒಳ್ಳೆಯದೇ. ಆದರೆ ಇದು ಬ್ಯಾಂಕಿನವರು ಚೆಕ್ಕಿನ ಸಹಿ ತಾಳೆ ನೋಡಿದ ಹಾಗೆ. ಸಹಿ ಸರಿ ಇದ್ದ ಮಾತ್ರಕ್ಕೆ ಚೆಕ್ ಕೊಟ್ಟವನು ಸಾಚಾ ಅಂತ ಅಲ್ಲವಲ್ಲ? ಠಕ್ಕನೊಬ್ಬ ಹೊಸ ಜೀಮೇಲ್ ಖಾತೆ ತೆರೆದು ಹತ್ತು ಜನರಿಗೆ 'ಆಫರ್ ಲೆಟರ್' ಕಳುಹಿಸಿದರೆ ಅದು ನಿಜಕ್ಕೂ ಜೀಮೇಲ್‌ನಿಂದಲೇ ಹೊರಟದ್ದು. ಗುರುತಿನ ಪರೀಕ್ಷೆಯಲ್ಲಿ ಪಾಸ್! ಇತ್ತ ಸಣ್ಣ ಕಂಪೆನಿಯೊಂದು ಈ ಸೆಟ್ಟಿಂಗ್ ಮಾಡಿರದಿದ್ದರೆ ಅದರ ಅಸಲಿ ಇಂಟರ್‌ವ್ಯೂ ಕರೆ ಸ್ಪ್ಯಾಮಿಗೆ ಬೀಳಬಹುದು. ಜೀಮೇಲ್ ಅದನ್ನು 30 ದಿನಕ್ಕೆ ತಾನೇ ಅಳಿಸಿಬಿಡುತ್ತದೆ.

ಆದ್ದರಿಂದ ವಾರದ ರಜೆಯ ದಿನ ಸ್ಪ್ಯಾಮ್ ಬಾಕ್ಸ್ ಒಮ್ಮೆ ತೆರೆದು ನೋಡಿ. ಅಲ್ಲಿನ ಲಿಂಕ್ ಒತ್ತಬೇಡಿ. ಅಸಲಿ ಮೇಲ್ ಸಿಕ್ಕಿದರೆ 'ನಾಟ್ ಸ್ಪ್ಯಾಮ್' ಒತ್ತಿ. ಇನ್‌ಬಾಕ್ಸಿನಲ್ಲಿ ಮೋಸದ್ದು ಕಂಡರೆ ಬರೇ ಡಿಲೀಟ್ ಮಾಡದೆ ರಿಪೋರ್ಟ್ ಮಾಡಿ, ಮುಂದಿನವನೊಬ್ಬ ಉಳಿದಾನು.

ಊರಿನಲ್ಲಿರುವ ಮನೆಯವರಿಗೂ ಒಂದು ಮಾತು. ವೀಸಾ ಖರ್ಚು ಅಂತ ಮೇಲ್ ಬಂದ ಕೂಡಲೇ ಚಿನ್ನ ಅಡವಿಡಬೇಡಿ. ಭಾರತ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರು ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ.

ಇನ್ನು ಕಂಪೆನಿ ನಡೆಸುವ, ಆಫೀಸುಗಳಲ್ಲಿ ಕೂತ ನಮ್ಮವರೇ, ನಿಮ್ಮ ಐಟಿಯವರನ್ನು ಕರೆದು ಆ ಪಟ್ಟಿ, ಮೊಹರು ಎರಡೂ ಇದೆಯಾ ಅಂತ ಇವತ್ತೇ ಕೇಳಿ. ದೊಡ್ಡ ಖರ್ಚಿನ ಕೆಲಸವಲ್ಲ. ಅದನ್ನು ಮಾಡದೆ ಬಿಟ್ಟರೆ ನಷ್ಟ ನಿಮ್ಮ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ, ಕೆಲಸಕ್ಕೆ ಕಾದು ಕೂತವನ ಮನೆಯಲ್ಲಿ ಕಾಣುತ್ತದೆ.