ಬಾಗಿಲು ತಟ್ಟದ ಎಡ್ವರ್ಡ್

ಈ ಸಲ ದೊಡ್ಡಬಳ್ಳಾಪುರದ ಅಜ್ಜಿ ಮನೆಗೆ ಹೋದಾಗ ‘ಟ್ವೈಲೈಟ್’ ಮತ್ತೆ ಓದೋಕೆ ಕೂತೆ. ಸ್ಟೆಫನಿ ಮೇಯರ್ 2005ರಿಂದ 2008ರವರೆಗೆ ತಂದ ನಾಲ್ಕು ಕಾದಂಬರಿಗಳ ಸರಣಿ. ಕಾಲೇಜಲ್ಲಿ ನಾಲ್ಕನ್ನೂ ನಿದ್ದೆಗೆಟ್ಟು ಮುಗಿಸಿದ್ದೆ.

“ಏನೇ ಅದು, ಊಟದ ಗ್ಯಾನಾನೇ ಇಲ್ಲ?” ಅಂದ್ರು ಅಜ್ಜಿ.

“ರಕ್ತ ಕುಡಿಯೋ ಹುಡುಗನ ಲವ್ ಸ್ಟೋರಿ ಅಜ್ಜಿ. ರಾತ್ರಿ ಬೆಲ್ಲಾ ರೂಮಿಗೆ ಬಂದು, ಅವಳು ಮಲಗಿರೋದನ್ನ ನೋಡ್ತಾ ಕೂರ್ತಾನೆ.”

“ಅವಳನ್ನ ಕೇಳಿ ಬಂದ್ನಾ?”

ಸುಮ್ಮನಾದೆ. 1897ರ ‘ಡ್ರಾಕುಲಾ’ದಲ್ಲೂ ಮನೆಯವರು ಕರೆಯದೆ ರಕ್ತಪಿಶಾಚಿ ಮೊದಲ ಸಲ ಹೊಸ್ತಿಲು ದಾಟೋ ಹಾಗಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ, ದೆವ್ವ ಗೊತ್ತಿರೋರ ದನಿಯಲ್ಲಿ ಕರೆಯುತ್ತೆ ಅಂತ ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ರು. ದೆವ್ವ ಅದನ್ನ ಓದಿ ದಿನಾ ವಾಪಸ್ ಹೋಗ್ತಿತ್ತಂತೆ. ದೆವ್ವಕ್ಕಿದ್ದ ಮರ್ಯಾದೆ ಎಡ್ವರ್ಡ್‌ಗೆ ಇರಲಿಲ್ಲ. ಹದಿನೆಂಟನೇ ವಯಸ್ಸಲ್ಲಿ ನಾನು ಅದನ್ನೇ ಪ್ರೀತಿ ಅಂದ್ಕೊಂಡಿದ್ದೆ.

ಹಾಗಂತ ಪುಸ್ತಕ ಮುಚ್ಚಿಡಲಿಲ್ಲ. ಫೋರ್ಕ್ಸ್ ಊರಿನ ಆ ಬಿಡದ ಮಳೆ, ಬಿಸಿಲಿಗೆ ಮಿನುಗೋ ಎಡ್ವರ್ಡ್ ಈಗಲೂ ಇಷ್ಟ. ಈಗ ಅಜ್ಜಿಗೆ ದಿನಾ ಫೋನಲ್ಲಿ ಒಂದೊಂದು ಅಧ್ಯಾಯ ಹೇಳ್ತೀನಿ. ಅವರ ಮೊದಲ ಪ್ರಶ್ನೆ ಮಾತ್ರ ಬದಲಾಗಿಲ್ಲ: “ಇವತ್ತಾದ್ರೂ ಬಾಗಿಲು ತಟ್ಟಿದ್ನಾ?”