ತಕ್ಕಡಿಗೇರಿದ ಗಾದಿ

ಕಳೆದ ಸಂಚಿಕೆಯಲ್ಲಿ ಈ ಅಂಕಣದಲ್ಲಿ ಕುಕ್ಕರಿನ ವಿಚಾರ ಬರೆದಿದ್ದೆ. ಈ ಸಲ ಗಾದಿಯ ವಿಚಾರ. ಸರಕಾರಿ ಕಚೇರಿಯ ಗುಮಾಸ್ತನು ಪುಣೆಯಲ್ಲಿ ಕುಳಿತು ಗಾದಿಯ ಶಾಸ್ತ್ರ ಹೇಳುವುದೇ ಎಂದು ವಾಚಕರು ನಗಬಾರದು. ಈ ಶಾಸ್ತ್ರವನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ನಮ್ಮ ಅವ್ವ ಧಾರವಾಡ ಬಿಟ್ಟು ನಮ್ಮಲ್ಲಿಗೆ ಬಂದು ಎರಡು ವರ್ಷವಾಯಿತು. ಸೊಂಟನೋವು ಆಕೆಗೆ ಹಳೆಯದು. ಬೋನಸ್ಸು ಕೈಗೆ ಬಂದೊಡನೆ ಆಕೆಗಾಗಿ ಒಂದು ಫೋಮ್ ಗಾದಿ ತಂದೆ. "ನಲವತ್ತು ಡೆನ್ಸಿಟಿ ಸಾಹೇಬರೇ, ಹತ್ತು ವರ್ಷ ಚಿಂತೆಯಿಲ್ಲ" ಎಂದ ಅಂಗಡಿಯವನು. ಕೈಯಿಂದ ಒತ್ತಿ ನೋಡಿದೆ, ಒತ್ತಿದ್ದು ಮೇಲೆದ್ದಿತು. ಅಷ್ಟಕ್ಕೇ ಒಪ್ಪಿಬಿಟ್ಟೆ. ಎಂಟು ತಿಂಗಳಾಗುವಷ್ಟರಲ್ಲಿ ನಡುವೆ ತಗ್ಗು ಬಿದ್ದಿತು. ಅವ್ವ ಒಂದು ಬೆಳಿಗ್ಗೆ ಏಳಲಾರದೆ, "ತಮ್ಮಾ, ಕೆಳಗಿನ ಹಲಗಿ ನಡಕ್ಕ ಒತ್ತತೈತಿ" ಎಂದಳು. ನನಗೆ ಊಟ ರುಚಿಸಲಿಲ್ಲ.

ಡೆನ್ಸಿಟಿ ಎಂದರೇನೆಂದು ಓದಿ ತಿಳಿದದ್ದು ಆಮೇಲೆ. ಅದು ಸಾಂದ್ರತೆ. ನಲವತ್ತು ಡೆನ್ಸಿಟಿ ಎಂದರೆ ಒಂದು ಘನ ಮೀಟರು ಫೋಮು 40 ಕಿಲೋ ತೂಗಬೇಕು. ಮನೆಯ ಲೆಕ್ಕದಲ್ಲಿ, ಲೀಟರಿಗೆ 40 ಗ್ರಾಂ. ಗಾದಿಯ ಫೋಮು ಪಾಲಿಯುರೆಥೇನ್ ಎಂಬ ಪಾಲಿಮರು; ಜರ್ಮನಿಯಲ್ಲಿ ಆಟ್ಟೋ ಬಾಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದದ್ದು. ಫೋಮು ಮಾಡುವಾಗ ರಸಾಯನಗಳಿಗೆ ಕೊಂಚ ನೀರು ಬೆರೆಸುತ್ತಾರೆ. ಆಗ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಇಡ್ಲಿಯ ಹಿಟ್ಟಿನಂತೆ ಎಲ್ಲ ಉಬ್ಬಿ ಬರುತ್ತದೆ. ನೀರು ಹೆಚ್ಚಿದಷ್ಟೂ ಉಬ್ಬು ಹೆಚ್ಚು, ಸಾಂದ್ರತೆ ಕಡಿಮೆ. ಉಬ್ಬದ ಗಟ್ಟಿ ಪಾಲಿಯುರೆಥೇನು ಲೀಟರಿಗೆ ಸುಮಾರು 1200 ಗ್ರಾಂ. ಆದುದರಿಂದ ನಲವತ್ತರ ಫೋಮಿನಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ ಸಾಮಾನು. ಉಳಿದ 29 ಪಾಲು ಗಾಳಿ.

ಆ ಒಂದು ಪಾಲೇ ಸಣ್ಣ ಸಣ್ಣ ಕೋಣೆಗಳ ಕಂಬಗಳಾಗಿ ನಿಂತಿರುತ್ತದೆ. ಭಾರ ಬಿದ್ದಾಗ ಕಂಬಗಳು ಮೊದಲು ಬಾಗುತ್ತವೆ. ಭಾರ ಹೆಚ್ಚಿದರೆ ಮಡಿಚಿಕೊಳ್ಳುತ್ತವೆ. ಕಡೆಗೆ ಒಂದಕ್ಕೊಂದು ತಾಗಿ, ಇನ್ನು ಕುಗ್ಗಲಾರದೆ ಗಟ್ಟಿಯಾಗುತ್ತವೆ. ಮೈಭಾರವು ಎರಡನೆಯ ಹಂತ ದಾಟದಿದ್ದರೆ ಗಾದಿ ಸುಖ. ಹಗುರ ಫೋಮಿನಲ್ಲಿ ಸೊಂಟವು ಮೂರನೆಯದಕ್ಕೆ ಇಳಿದುಬಿಡುತ್ತದೆ. ಅವ್ವನಿಗೆ ಒತ್ತಿದ "ಹಲಗಿ" ಇದೇ. ತೆಳು ಕಂಬಗಳು ದಿನವೂ ಬಾಗಿ ಬಾಗಿ ಬೇಗ ಸೋಲುವುದೂ ಉಂಟು. ಅಂಗಡಿಯಲ್ಲಿ ಒಮ್ಮೆ ಒತ್ತಿ ನೋಡಿದರೆ ಇದು ತಿಳಿಯುವುದಿಲ್ಲ.

ಸಾಂದ್ರತೆ ಇಳಿದಷ್ಟೇ ಬಿಗಿಯೂ ಇಳಿದಿದ್ದರೆ ಇಷ್ಟು ತೊಂದರೆಯಿರಲಿಲ್ಲ. ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ ಎಂಬ ವಿದ್ವಾಂಸರು ತೋರಿಸಿದಂತೆ, ಇಂಥ ತೆರೆದ ಕೋಣೆಗಳ ಫೋಮಿನಲ್ಲಿ ಬಿಗಿಯು ಹೆಚ್ಚುಕಡಿಮೆ ಸಾಂದ್ರತೆಯ ವರ್ಗವನ್ನು ಅನುಸರಿಸುತ್ತದೆ: ಸಾಂದ್ರತೆ ಅರ್ಧವಾದರೆ ಬಿಗಿ ಕಾಲುಭಾಗ.

ಒಂದು ಭಾನುವಾರ ಕವರು ಬಿಚ್ಚಿ, ಫೋಮನ್ನು ಸುರುಳಿ ಸುತ್ತಿ, ಕೆಳಗಿನ ರದ್ದಿ ಅಂಗಡಿಯ ತಕ್ಕಡಿಗೇರಿಸಿದೆ. ಉದ್ದ ಆರಡಿ, ಅಗಲ ಮೂರಡಿ, ದಪ್ಪ ನಾಲ್ಕಿಂಚು. ಒಟ್ಟು ಆರು ಘನ ಅಡಿ, ಅಂದರೆ 170 ಲೀಟರು. ನಲವತ್ತರದಾಗಿದ್ದರೆ 6 ಕಿಲೋ 800 ಗ್ರಾಂ ತೂಗಬೇಕಿತ್ತು. ತೂಗಿದ್ದು 4 ಕಿಲೋ 750. ಭಾಗಿಸಿದರೆ 28! ಹತ್ತು ಪಾಲಿರಬೇಕಾದಲ್ಲಿ ಏಳು ಪಾಲು ಸಾಮಾನು. ಏಳೇಳು ನಲವತ್ತೊಂಬತ್ತು, ನೂರಕ್ಕೆ ನಲವತ್ತೊಂಬತ್ತು. ಬಿಗಿ ಅರ್ಧಕ್ಕರ್ಧ ಹೋಗಿತ್ತು.

ಲೆಕ್ಕದ ಚೀಟಿ ಹಿಡಿದು ಅಂಗಡಿಗೆ ಹೋದೆ. ಬಿಲ್ಲು ತೋರಿಸಿರೆಂದರು. ಅದರಲ್ಲಿ "ಫೋಮ್ ಗಾದಿ, ಒಂದು" ಎಂದಿಷ್ಟೇ ಇತ್ತು. ಪರರ ಬಿಲ್ಲುಗಳಲ್ಲಿ ತಪ್ಪು ಹುಡುಕುತ್ತ ಹನ್ನೊಂದು ವರ್ಷ ಸಂಬಳ ತಿಂದವನು ಸ್ವಂತ ಬಿಲ್ಲನ್ನು ಓದಿರಲಿಲ್ಲ. ಮಾತಾಡದೆ ಹಿಂದಿರುಗಿದೆ.

ಹಾಗೆಂದು ಸಾಂದ್ರತೆ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬೇಡಿರಿ. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲು ಪೆಟ್ಟು ಬಿದ್ದಾಗ ತಾನು ನುಜ್ಜಾಗಬೇಕು. ಅತಿ ಸಾಂದ್ರವಾದರೆ ಅದು ನುಜ್ಜಾಗದೆ ಪೆಟ್ಟನ್ನು ತಲೆಗೇ ದಾಟಿಸುತ್ತದೆ. ಗಾದಿಯಲ್ಲಿಯೂ, ರಸಾಯನ ಬದಲಿಸಿ ಒಂದೇ ಸಾಂದ್ರತೆಯ ಫೋಮನ್ನು ಮೆತ್ತಗೂ ಮಾಡಬಹುದು, ಬಿಗಿಯಾಗಿಯೂ ಮಾಡಬಹುದು. ಸುಣ್ಣಕಲ್ಲಿನ ಪುಡಿ ಬೆರೆಸಿ ಬರೀ ತೂಕ ಏರಿಸುವುದೂ ಸಾಧ್ಯ. ಆದುದರಿಂದ ತೂಕ ಸರಿಯಿದ್ದ ಮಾತ್ರಕ್ಕೆ ಗಾದಿ ಒಳ್ಳೆಯದೆನ್ನಲಾಗದು. ಆದರೆ ತೂಕ ಕಡಿಮೆಯಿದ್ದರೆ ಅಂಗಡಿಯವನ ನಂಬರು ಖಂಡಿತ ಸುಳ್ಳು.

ಎರಡನೆಯ ಸಲ ಬೇರೊಂದು ಅಂಗಡಿಗೆ ಅವ್ವನನ್ನೇ ಕರೆದೊಯ್ದೆ. ಕಾಲು ತಾಸು ಮಲಗಿ ನೋಡಿದಳು. ಕವರು ಹಾಕುವ ಮೊದಲೇ ತೂಗಿಸಿ, ಡೆನ್ಸಿಟಿಯನ್ನು ಬಿಲ್ಲಿನಲ್ಲಿ ಬರೆಯಿಸಿಕೊಂಡೆ. ದಾರಿಯಲ್ಲಿ ಈ ಶಾಸ್ತ್ರವನ್ನೆಲ್ಲ ಆಕೆಗೆ ಬಿಡಿಸಿ ಹೇಳಿದೆ. ಅವ್ವ ಸಮಾಧಾನದಿಂದ ಕೇಳಿ, "ನಮ್ಮೂರಾಗ ಪಿಂಜಾರ ಗಾದಿ ತುಂಬೋ ಮುಂದ ನಮ್ಮೆದುರಿಗೇ ಅರಳಿ ತೂಗತಿದ್ದ. ನೀ ಬಿ.ಎ. ಓದಿ ಇದನ್ನ ಈಗ ಕಲತಿ?" ಎಂದಳು.